ಬಾವಿಯ ಹಾಡಿನ ಎರಡನೇ ಚರಣ

ಪುಟ್ಟಿ, ಗುಂಡಣ್ಣ,

ಹೋದ ದೀಪಾವಳಿಗೆ ನೀವಿಬ್ಬರೂ ಶಿವಮೊಗ್ಗಕ್ಕೆ, ರವೀಂದ್ರನಗರದ ಮನೆಗೆ ಬಂದಾಗ ನಿಮ್ಮ ದೊಡ್ಡಜ್ಜಿ ಒಂದು ಕಥೆ ಹೇಳಿದರು. ಭದ್ರಾವತಿಯ ಚರ್ಚಿನವರು ಬಂದು ದೊಡ್ಡಜ್ಜಿಯ ಹಾಡನ್ನು ಕಸಿದುಕೊಂಡರಂತೆ. ಕಾರ್ಯಕ್ರಮದ ಪಟ್ಟಿ ಬರೆಯುವಾಗ ಯಾರೋ ತಪ್ಪು ಮಾಡಿದರಂತೆ. ನಾನು ಅಲ್ಲೇ ಕೂತು ಕೊಬ್ಬರಿ ತುರಿಯುತ್ತಿದ್ದೆ. ಅವರು ‘ಯಾರೋ’ ಎಂದಾಗ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಆ ಯಾರೋ ನಾನು. ತಪ್ಪು ಮಾಡಲಿಲ್ಲ, ಬೇಕೆಂದೇ ಮಾಡಿದೆ. ನಾಲ್ಕು ಜನ ಕೂತ ಕಡೆ ನನಗೆ ಮಾತು ಬರುವುದಿಲ್ಲ ಎನ್ನುವುದು ನಿಮಗೆ ಗೊತ್ತು. ಆದ್ದರಿಂದ ಬರೆಯುತ್ತಿದ್ದೇನೆ.

ದೊಡ್ಡಜ್ಜಿ ಅಂದರೆ ನಿಮ್ಮ ತಾತನ ಅಣ್ಣನ ಹೆಂಡತಿ, ನನ್ನ ಓರಗಿತ್ತಿ. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಅಕ್ಕ ಪೇಟೆಯಲ್ಲಿ ಬೆಳೆದವರು, ಎಂಟು ವರ್ಷ ಸಂಗೀತ ಕಲಿತವರು. ನಾನು ಹೊಳೆಹೊನ್ನೂರು ಕಡೆಯ ಹಳ್ಳಿಯವಳು, ಓದಿದ್ದು ಏಳನೇ ಕ್ಲಾಸು. ನನ್ನ ಹತ್ತಿರ ಇದ್ದದ್ದು ಎರಡೇ: ಒಂದು, ಮೇಷ್ಟ್ರು ನನ್ನ ಕೈಯಲ್ಲೇ ಬೋರ್ಡಿನ ಮೇಲೆ ಸುಭಾಷಿತ ಬರೆಸುತ್ತಿದ್ದಂಥ ಅಕ್ಷರ. ಇನ್ನೊಂದು, ಹೆಂಗಸಿಗೆ ಇರಬಾರದಷ್ಟು ದಪ್ಪ ದನಿ. ನಾಟಿ ಗದ್ದೆಯಲ್ಲಿ ಹಾಡುವಾಗ ನನ್ನ ಅವ್ವ ನನ್ನನ್ನು ಸಾಲಿನ ಕೊನೆಗೆ ನಿಲ್ಲಿಸುತ್ತಿದ್ದಳು. ಅಲ್ಲಿಂದ ಹಾಡಿದರೂ ಈ ತುದಿಯವರೆಗೆ ಕೇಳುತ್ತದೆ ಎಂದು.

ರವೀಂದ್ರನಗರದಲ್ಲಿ ಅಕ್ಕನೇ ಕಟ್ಟಿದ ಒಂದು ಮಹಿಳಾ ಮಂಡಳಿ ಇತ್ತು. ಗುರುವಾರ ಮಧ್ಯಾಹ್ನ ನಮ್ಮ ಮನೆಯ ನಡುಮನೆಯಲ್ಲೇ ಎಂಟು ಹೆಂಗಸರು ಸೇರಿ ಭಾವಗೀತೆ ಅಭ್ಯಾಸ ಮಾಡುತ್ತಿದ್ದರು. ಹೆಚ್ಚಾಗಿ ಒಬ್ಬರೇ ಕವಿಯ ಹಾಡುಗಳು. ಆ ಕವಿಯ ಹೆಸರು ಇಲ್ಲಿ ಬೇಡ. ರೇಡಿಯೋ ಇದ್ದ ಪ್ರತಿ ಮನೆಗೂ ಅವರ ಹಾಡು ಗೊತ್ತಿತ್ತು. ನನಗೆ ಅವರ ಬಾವಿಯ ಹಾಡು ಎಂದರೆ ಪ್ರಾಣ. ಗಂಡನ ಮನೆಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು ನೀರು ಸೇದಲು ಹೋಗಿ, ಹಗ್ಗ ಬಿಡುತ್ತಾ ಬಿಡುತ್ತಾ ತನ್ನ ಊರನ್ನು ನೆನೆಯುವ ಹಾಡು ಅದು.

ಅಕ್ಕನ ಶ್ರುತಿ ಬಹಳ ಮೇಲಿನದು. ಮಂಡಳಿಯಲ್ಲಿ ಎಲ್ಲರೂ ಆ ಶ್ರುತಿಗೇ ಹಾಡಬೇಕು. ನಾನು ಅಲ್ಲಿಗೆ ಏರಲು ಹೋದರೆ ದನಿ ಸೀಳುತ್ತಿತ್ತು, ಕೆಳಗೆ ಹಾಡಿದರೆ ಅಪಶ್ರುತಿ ಎನ್ನುತ್ತಿದ್ದರು. ನಾನು ಸೇರಿದ ಎರಡನೇ ಗುರುವಾರವೇ ಅಕ್ಕ ಹಾರ್ಮೋನಿಯಂ ನಿಲ್ಲಿಸಿದರು.

"ಯಾರದು ಗಂಡಸರ ಹಾಗೆ? ಏ ಮಾರಾಯ್ತಿ, ನೀನು ದನಿ ಬಿಡಬೇಡ. ಸುಮ್ನೆ ತುಟಿ ಆಡಿಸು, ಸಾಕು. ನಿನ್ನ ಸೀರೆ ಚೆನ್ನಾಗಿರತ್ತೆ, ಸಾಲು ತುಂಬಿದ ಹಾಗೆ ಕಾಣತ್ತೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಒಂಬತ್ತು ವರ್ಷ ತುಟಿ ಆಡಿಸಿದೆ. ಗಣಪತಿ ಪೆಂಡಾಲುಗಳಲ್ಲಿ, ಶಂಕರಘಟ್ಟದ ಕಾಲೇಜು ಹುಡುಗಿಯರ ಎದುರು, ಎಲ್ಲ ಕಡೆ. ಬಾವಿಯ ಹಾಡಿನ ಎರಡನೇ ಚರಣವನ್ನು ಮಂಡಳಿಯಲ್ಲಿ ಯಾರೂ ಹಾಡುತ್ತಿರಲಿಲ್ಲ. ಅಲ್ಲಿ ಕೊಡ ನೀರಿಗೆ ಇಳಿಯುತ್ತದೆ, ರಾಗವೂ ಅದರ ಜೊತೆ ಇಳಿಯುತ್ತಾ ಹೋಗುತ್ತದೆ. ಅಕ್ಕನ ದನಿ ಅಷ್ಟು ಕೆಳಗೆ ಹೋಗುವುದಿಲ್ಲ. "ಆ ಚರಣಕ್ಕೆ ಕಳೆಯೇ ಇಲ್ಲ" ಎಂದು ಅದನ್ನು ಬಿಟ್ಟೇಬಿಟ್ಟಿದ್ದರು.

ಆಮೇಲೆ ನಿಮ್ಮ ತಾತ ತೀರಿಕೊಂಡರು. ಭದ್ರಾವತಿಯ ಕಾರ್ಖಾನೆಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದವರು ಒಂದು ದಿನ ಎದೆನೋವು ಎಂದು ಮಧ್ಯಾಹ್ನವೇ ಬಂದರು, ಸಂಜೆಗೆ ಇರಲಿಲ್ಲ. ತಿಂಗಳ ಮೇಲೆ ಅಕ್ಕ ನನ್ನನ್ನು ಮಂಡಳಿಯ ಸಾಲಿನಿಂದಲೂ ತೆಗೆದರು. ವೇದಿಕೆ ಮೇಲೆ ದೀಪ ಹಚ್ಚುವಾಗ ಗಂಡನಿಲ್ಲದವಳು ಕಂಡರೆ ಜನ ಏನಾದರೂ ಅಂದಾರು ಎಂದರು. "ನಿನ್ನ ಅಕ್ಷರ ಚೆನ್ನಾಗಿದೆ, ಹಾಡು ಕಾಪಿ ಮಾಡು, ಪಟ್ಟಿ ಬರಿ" ಎಂದರು. ಬರೆದೆ.

ಇಷ್ಟಕ್ಕೇ ನಿಂತಿದ್ದರೆ ನಾನೂ ಸುಮ್ಮನಿರುತ್ತಿದ್ದೆನೋ ಏನೋ. ಮೂರು ವರ್ಷದ ಮೇಲೆ ನಿಮ್ಮ ಅಮ್ಮನ ಮದುವೆಯಾಯಿತು. ನಮ್ಮಲ್ಲಿ ಹೆಣ್ಣುಗಂಡನ್ನು ಹಸೆಮಣೆಗೆ ಕರೆಯುವಾಗ ಹೆಂಗಸರು ಹಾಡುತ್ತಾರೆ. ನನ್ನ ಅವ್ವ ನನ್ನನ್ನು ಕರೆದ ಹಾಡು ನನ್ನ ಬಾಯಲ್ಲಿತ್ತು. ಮಗಳನ್ನು ಅದೇ ಹಾಡಿನಿಂದ ಕರೆಯಬೇಕೆಂದು ಅವಳು ಹುಟ್ಟಿದ ದಿನದಿಂದ ಅಂದುಕೊಂಡಿದ್ದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಮೊದಲ ಸಾಲು ಎತ್ತಿದೆ. ಅಕ್ಕ ಅಷ್ಟು ದೂರದಿಂದ ಬಂದು ನನ್ನ ಬಾಯಿಯ ಮೇಲೆ ಕೈಯಿಟ್ಟರು. ನಿಜವಾಗಿಯೂ ಕೈಯಿಟ್ಟರು.

"ನಿಂಗೆ ಬುದ್ಧಿ ಇಲ್ವೇನೇ? ಶುಭಕಾರ್ಯ ಇದು. ಒಳಗೆ ನಡಿ."

ಅವರ ಅಂಗೈಯ ಗಂಧದ ವಾಸನೆ ಇವತ್ತಿಗೂ ನೆನಪಿದೆ. ಬಾಗಿಲು ಹಾಕಿದರು. ಹೊರಗೆ ಅವರೇ ಹಾಡಿದರು, ತಮ್ಮ ಮೇಲಿನ ಶ್ರುತಿಯಲ್ಲಿ, ನನ್ನ ಮಗಳನ್ನು ಕರೆದರು. ಆ ದಿನ ಅಡುಗೆಮನೆಯಲ್ಲಿ ಹಪ್ಪಳದ ಡಬ್ಬಿಗಳ ನಡುವೆ ಕೂತು ನಾನು ಒಂದೇ ಒಂದು ಬೇಡಿಕೊಂಡೆ. ಈ ಹೆಂಗಸು ನನ್ನ ದನಿಯನ್ನು ಕೇಳಬೇಕು. ಎದ್ದು ಹೋಗಲಾಗದಂಥ, ಬಂದು ಬಾಯಿ ಮುಚ್ಚಲಾಗದಂಥ ಜಾಗದಲ್ಲಿ ಕೂತು ಕೇಳಬೇಕು.

ಮುಂದಿನ ವರ್ಷ, ಪುಟ್ಟಿ, ನೀನು ಹೊಟ್ಟೆಯಲ್ಲಿದ್ದೆ. ಡಾಕ್ಟರು ನಿಮ್ಮ ಅಮ್ಮನಿಗೆ ಹಾಸಿಗೆ ಬಿಟ್ಟು ಏಳಬಾರದು, ಪ್ರಯಾಣ ಕೂಡದು ಎಂದಿದ್ದರಿಂದ ನಾನೇ ಭದ್ರಾವತಿಗೆ, ಜನ್ನಾಪುರದ ನಿಮ್ಮ ಮನೆಗೆ ಬಂದೆ. ಒಂದು ಶನಿವಾರ ಸಂಜೆ ತಾರಸಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಹಿಂದಿನ ಮನೆಯಿಂದ ಬಾವಿಯ ಹಾಡು ಕೇಳಿಸಿತು. ಹಾಡು ಅದೇ. ಆದರೆ ಅಂಥದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಇಪ್ಪತ್ತು ಇಪ್ಪತ್ತೈದು ಜನ, ಗಂಡಸರು, ಹೆಂಗಸರು. ಒಬ್ಬರು ಹಾಡಿದಂತೆ ಇನ್ನೊಬ್ಬರು ಹಾಡುತ್ತಿರಲಿಲ್ಲ, ಆದರೂ ಎಲ್ಲ ಹೊಂದುತ್ತಿತ್ತು. ಮೇಲೆ ಒಂದು ಗುಂಪು ಹುಡುಗಿಯ ಮಾತು ಹೇಳಿದರೆ ಕೆಳಗಿನಿಂದ ಗಂಡಸರು ಬಾವಿಯೇ ಉತ್ತರ ಕೊಟ್ಟ ಹಾಗೆ ಗುನುಗುತ್ತಿದ್ದರು. ನಡುನಡುವೆ ಚಪ್ಪಾಳೆ. ನಮ್ಮ ಭಜನೆಯಲ್ಲಿ ಪೆಟ್ಟು ಬೀಳುವ ಕಡೆ ಅವರು ಸುಮ್ಮನಿದ್ದು, ನಾವು ಕೈ ಎತ್ತುವ ಕಡೆ ಬಡಿಯುತ್ತಿದ್ದರು.

ಆಮೇಲೆ ಎರಡನೇ ಚರಣ ಬಂತು. ಅವರು ಅದನ್ನು ಬಿಡಲಿಲ್ಲ. ಮೂರು ಹೆಂಗಸರ ದಪ್ಪ ದನಿ ಒಟ್ಟಿಗೆ ಕೆಳಗೆ ಇಳಿಯಿತು, ಇನ್ನೂ ಇಳಿಯಿತು. ನನಗೆ ಗೊತ್ತಿಲ್ಲದೆಯೇ ನಾನೂ ಅವರ ಜೊತೆ ಇಳಿದೆ. ಕೆಳಗೆ ಹಾಡು ನಿಂತಿತು.

"ಯಾರಮ್ಮಾ ಮೇಲೆ? ಇನ್ನೊಂದು ಸಲ ಹಾಡಿ!"

ನಾನು ನೀರಿನ ಟ್ಯಾಂಕಿನ ಹಿಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ಕತ್ತಲಾಗುವವರೆಗೂ ಏಳಲಿಲ್ಲ. ಬೆಳಿಗ್ಗೆ ಆ ಮನೆಯವರೇ ಬಂದರು. ಶಾಲೆಯಲ್ಲಿ ಟೀಚರು, ಮನೆಮಾತು ತಮಿಳು, ಗಂಡ ನಿಮ್ಮ ಅಪ್ಪನ ಕಾರ್ಖಾನೆಯಲ್ಲೇ ಫಿಟ್ಟರು.

"ನಿನ್ನೆ ಟ್ಯಾಂಕ್ ಹಿಂದೆ ಕೂತಿದ್ದು ನೀವೇ ಅಲ್ವಾ ಅಮ್ಮಾ? ಸೆರಗು ಹೊರಗೆ ಕಾಣ್ತಿತ್ತು."

"ತಪ್ಪಾಯ್ತು. ನನ್ನದು ಗಂಡು ದನಿ, ಹಾಡಬಾರದಿತ್ತು."

"ಅಯ್ಯೋ, ಗಂಡು ದನಿ ಅಲ್ಲಮ್ಮ ಅದು, ಆಲ್ಟೊ. ಹೆಂಗಸರ ಕೆಳದನಿ. ನಮ್ಮ ಹತ್ರ ಇರೋದೇ ಮೂರು ಜನ, ಅದ್ರಲ್ಲಿ ಒಬ್ಳು ಮದ್ವೆಯಾಗಿ ಕೊಯಮತ್ತೂರಿಗೆ ಹೋಗ್ತಿದ್ದಾಳೆ. ಅವಳ ಜಾಗ ತುಂಬಕ್ಕೆ ಎಷ್ಟು ದಿನದಿಂದ ಹುಡುಕ್ತಿದ್ದೀನಿ ಗೊತ್ತಾ?"

"ನಾನು ಗಂಡ ಇಲ್ದೋಳು" ಎಂದೆ. ಯಾಕೆ ಹೇಳಿದೆನೋ. ಯಾರಾದರೂ ಏನಾದರೂ ಕರೆದರೆ ಆಗ ನನ್ನ ಬಾಯಿಂದ ಮೊದಲು ಬರುತ್ತಿದ್ದದ್ದು ಅದೇ.

"ಆ ಸಾಲಲ್ಲಿ ಇನ್ನೊಬ್ರು ಹಾಗೇ ಇದ್ದಾರೆ. ಹಾಡಿಗೇನಮ್ಮ ಅದ್ರಿಂದ?"

ಟೀಚರಮ್ಮ ವಿವರಿಸಿ ಹೇಳಿದರು. ನವೆಂಬರಿನಲ್ಲಿ ಕಾರ್ಖಾನೆಯ ಕಾಲೊನಿಯಲ್ಲಿ ಕನ್ನಡದ ಕಾರ್ಯಕ್ರಮವಾಗುತ್ತಿತ್ತು. ತೆಲುಗರು, ತಮಿಳರು, ಎಲ್ಲರೂ ಕನ್ನಡದ್ದೇ ಏನಾದರೂ ಹಾಡಬೇಕು. ಶನಿವಾರ ಅವರ ಮನೆಯಲ್ಲಿ ಸೇರುತ್ತಿದ್ದ ಅವರ ಚರ್ಚಿನ ಗಾಯಕರಿಗೆ ನಮ್ಮ ರಾಗ ತಾಳ ಬಾರದು. ಅಮೆರಿಕದ ಕಪ್ಪುಜನ ತಮ್ಮ ಚರ್ಚುಗಳಲ್ಲಿ ಚಪ್ಪಾಳೆ ತಟ್ಟಿ, ಮೈ ತೂಗಿ ದೇವರನ್ನು ಹಾಡುವ ಒಂದು ಕ್ಯಾಸೆಟ್ಟು ಟೀಚರಮ್ಮನ ಹತ್ತಿರ ಇತ್ತು. ಆ ಧಾಟಿಗೆ ನಮ್ಮ ಕವಿಯ ಹಾಡುಗಳನ್ನು ಒಂದೊಂದಾಗಿ ಕೂರಿಸಿದ್ದರು. ಆರು ಹಾಡು ಆಗಿದ್ದವು. ತಾವೇ ಕ್ಯಾಸೆಟ್ಟು ಮಾಡಿಕೊಂಡಿದ್ದರು.

ನಿಮ್ಮ ಅಪ್ಪನನ್ನು ಕೇಳಿದೆ. "ಹೋಗಿ ಬನ್ನಿ ಅತ್ತೆ. ನಮ್ಮ ಶಿಫ್ಟಿನ ಅರ್ಧ ಜನ ಅಲ್ಲೇ ಇದ್ದಾರೆ" ಎಂದ. ನಾನು ಹಾಡುತ್ತಿದ್ದದ್ದು ಕವಿಯ ಆ ಆರು ಹಾಡುಗಳನ್ನಷ್ಟೇ. ಅವರ ದೇವರ ಹಾಡು ಬಂದಾಗ ಒಳಗೆ ಹೋಗಿ ಟೀಚರಮ್ಮನ ಅತ್ತೆಯ ಜೊತೆ ಕಾಫಿ ಸೋಸುತ್ತಿದ್ದೆ. ಯಾರೂ ಏನೂ ಅನ್ನಲಿಲ್ಲ. ಮೊದಮೊದಲು ಚಪ್ಪಾಳೆ ತಪ್ಪುತ್ತಿತ್ತು. ನನ್ನ ಪಕ್ಕದವಳು, ಮೂರು ಮಕ್ಕಳ ತಾಯಿ, ಅಂಚೆ ಕಚೇರಿಯಲ್ಲಿ ಕೆಲಸ, ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದು ತಿವಿದು ಕಲಿಸಿದಳು.

ನೀನು ಹುಟ್ಟಿದೆ. ನಾನು ಶಿವಮೊಗ್ಗಕ್ಕೆ ವಾಪಸು ಹೋದೆ. ಮೊಮ್ಮಗಳನ್ನು ನೋಡಿ ಬರುತ್ತೇನೆ ಎಂದು ಹೇಳಿ ಪ್ರತಿ ಶನಿವಾರ ಬಸ್ಸು ಹತ್ತುತ್ತಿದ್ದೆ. ನಿನ್ನನ್ನು ನೋಡುತ್ತಿದ್ದೆ, ಸುಳ್ಳಲ್ಲ. ನಿನಗೆ ಸ್ನಾನ ಮಾಡಿಸಿ, ಮಲಗಿಸಿ, ಹಿಂದಿನ ಮನೆಗೆ ಓಡುತ್ತಿದ್ದೆ. ಹಾಡಿದಾಗ ಎದೆ ತುಂಬುತ್ತಿತ್ತು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಆದರೆ ನಿಜವಾಗಿ ಆಗುತ್ತಿದ್ದದ್ದು ಬೇರೆ. ಎರಡನೇ ಚರಣ ಎತ್ತಿದಾಗಲೆಲ್ಲ ನನ್ನ ಕಣ್ಣೆದುರು ಅಕ್ಕ ಕೂತಿರುತ್ತಿದ್ದರು. ಅವರಿಗೆ ಹಾಡುತ್ತಿದ್ದೆ. ಸಿಟ್ಟು ದನಿಯನ್ನು ಹಾಳು ಮಾಡುತ್ತದೆ ಎನ್ನುತ್ತಾರೆ, ನನ್ನದನ್ನು ಮಾಡಲಿಲ್ಲ. ಟೀಚರಮ್ಮ ಮಾತ್ರ ಒಮ್ಮೆ, "ಅಮ್ಮಾ, ಯಾರನ್ನೋ ಬಾವಿಗೆ ತಳ್ಳಿದ ಹಾಗೆ ಹಾಡ್ತೀರಲ್ಲ, ಸ್ವಲ್ಪ ಮೆತ್ತಗೆ" ಎಂದರು.

ನಿನಗೆ ಒಂದೂವರೆ ವರ್ಷವಾದಾಗ ಆ ಕವಿ ಶಿವಮೊಗ್ಗಕ್ಕೆ ಬರುವುದೆಂದು ಆಯಿತು. ಓದುಗರ ಬಳಗವೊಂದು ಅವರಿಗೆ ಸನ್ಮಾನ ಇಟ್ಟುಕೊಂಡಿತ್ತು. ಗಾಯನದ ಜವಾಬ್ದಾರಿಯನ್ನು ನಮ್ಮ ಮಂಡಳಿಗೆ, ಅಂದರೆ ಅಕ್ಕನಿಗೆ ಕೊಟ್ಟರು. ಕವಿಯ ಎದುರು ಬಾವಿಯ ಹಾಡು ಹಾಡಬೇಕೆನ್ನುವುದು ಅಕ್ಕನ ಇಪ್ಪತ್ತು ವರ್ಷದ ಆಸೆ. ಮೂರು ತಿಂಗಳು ಮಂಡಳಿ ಬೇರೆ ಹಾಡು ಮುಟ್ಟಲಿಲ್ಲ. ಬಳಗದ ಕಾರ್ಯದರ್ಶಿಗಳು ಕಾಲೊನಿಯಲ್ಲಿ ನಮ್ಮ ಭದ್ರಾವತಿಯ ಗುಂಪನ್ನು ಕೇಳಿ ಮೆಚ್ಚಿದ್ದರು. ಅವರನ್ನೂ ಕರೆಯಬೇಕು ಎಂದರು.

"ಕರೀರಿ, ಕೊನೇಲಿ ಒಂದು ಹಾಡ್ಲಿ. ಜನ ಏಳೋ ಹೊತ್ತಿಗೆ" ಎಂದರು ಅಕ್ಕ.

ಆ ಗುಂಪು ಯಾವ ಹಾಡು ಹಾಡುತ್ತದೆ ಎಂದು ಅಕ್ಕ ಕೇಳಲಿಲ್ಲ. ನನಗೆ ಗೊತ್ತಿತ್ತು. ಅದರಲ್ಲಿ ನಾನಿದ್ದೇನೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಮ್ಮ ಕಡೆಯ ಕಾರ್ಯಕ್ರಮಗಳಲ್ಲಿ ಒಂದು ರೂಢಿಯಿದೆ. ಒಂದು ತಂಡ ಹಾಡಿದ ಹಾಡನ್ನು ಅದೇ ವೇದಿಕೆಯಲ್ಲಿ ಇನ್ನೊಂದು ತಂಡ ಹಾಡುವುದಿಲ್ಲ. ಹಾಡಿದರೆ ಮೊದಲಿನವರಿಗೆ ಅವಮಾನ ಮಾಡಿದ ಹಾಗೆ. ಈ ರೂಢಿಯನ್ನು ಊರಿನಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದವರು ಅಕ್ಕ. ಹಿಂದೆ ಕಾಲೇಜಿನ ಹುಡುಗಿಯೊಬ್ಬಳು ಮಂಡಳಿ ಹಾಡಿದ್ದನ್ನೇ ಮತ್ತೆ ಎತ್ತಿದಾಗ, ಅವಳನ್ನು ಮೈಕಿನಿಂದ ಇಳಿಸಿದ್ದರು.

ಪಟ್ಟಿಯನ್ನು ಶುದ್ಧವಾಗಿ ಬರೆಯುವ ಕೆಲಸ ನನ್ನದು. ಊಟದ ಮೇಜಿನ ಮೇಲೆ ಹಾಳೆ ಹಾಸಿ, ನನ್ನ ಒಳ್ಳೆಯ ಅಕ್ಷರದಲ್ಲಿ ಬರೆದೆ. ಒಂದು, ಪ್ರಾರ್ಥನೆ. ಎರಡು, ಸ್ವಾಗತ. ಮೂರು, ಭದ್ರಾವತಿಯ ಗಾಯಕವೃಂದದಿಂದ ಬಾವಿಯ ಹಾಡು. ನಾಲ್ಕು, ಮಹಿಳಾ ಮಂಡಳಿಯಿಂದ ಗೀತೆ. ಅಕ್ಕ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಬಂದರು.

"ಆಯ್ತಾ? ಎಲ್ಲಿ ಸಹಿ ಹಾಕ್ಬೇಕು?"

"ಓದಿ ನೋಡಿ ಅಕ್ಕ."

"ನೀನು ಬರೆದಿದ್ದು ಓದೋದೇನಿದೆ ಮಾರಾಯ್ತಿ, ನಾನು ಹೇಳಿದ್ದೇ ಅಲ್ವಾ?"

ಎಣ್ಣೆಯ ಕೈಯಲ್ಲೇ ಸಹಿ ಹಾಕಿದರು. ಓದಿ ಎಂದು ನಾನು ಹೇಳಿದ್ದೆ. ಅದನ್ನು ಮರೆಯಬೇಡಿ.

ಆ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಸಭಾಂಗಣ ತುಂಬಿತ್ತು. ಮಗುವಿನ ಜೊತೆ ಹಿಂದೆ ಕೂರುತ್ತೇನೆ ಎಂದು ಅಕ್ಕನಿಗೆ ಹೇಳಿ, ನಿನ್ನನ್ನು ನಿಮ್ಮ ಅಮ್ಮನ ಕೈಗೆ ಕೊಟ್ಟಿದ್ದೆ. ಭದ್ರಾವತಿಯವರ ವ್ಯಾನು ಹಿಂದಿನ ಗೇಟಿನಲ್ಲಿ ನಿಂತಿತ್ತು, ಅದರೊಳಗೇ ಗುಂಪಿನ ಸೀರೆ ಉಟ್ಟುಕೊಂಡೆ. ಬಿಳಿಗೆ ನೀಲಿ ಅಂಚು. ಕವಿ ಮುಂದಿನ ಸಾಲಿನ ಸೋಫಾದಲ್ಲಿ, ಅವರ ಪಕ್ಕದ ಕುರ್ಚಿಯಲ್ಲಿ ಅಧ್ಯಕ್ಷೆ ಎಂದು ಅಕ್ಕ, ರೇಷ್ಮೆ ಸೀರೆಯಲ್ಲಿ. ಮೈಕಿನಲ್ಲಿ ನಮ್ಮ ಹಾಡಿನ ಹೆಸರು ಹೇಳಿದಾಗ ಅಕ್ಕ ತಟ್ಟನೆ ಹಿಂದೆ ತಿರುಗಿ ನೋಡಿದರು. ಅಷ್ಟರಲ್ಲಿ ನಾವು ವೇದಿಕೆ ಹತ್ತಿಯಾಗಿತ್ತು.

ಮೊದಲ ಚರಣದಲ್ಲಿ ನಾನು ಎತ್ತರದ ಇಬ್ಬರ ಹಿಂದಿದ್ದೆ. ಎರಡನೇ ಚರಣಕ್ಕೆ ಕೆಳದನಿಯವರು ಮುಂದೆ ಬರುವುದು ಗುಂಪಿನ ಪದ್ಧತಿ. ಮೂವರೂ ಎರಡು ಹೆಜ್ಜೆ ಮುಂದೆ ಬಂದೆವು. ಅಕ್ಕ ನನ್ನನ್ನು ನೋಡಿದರು. ನಾನೂ ಅವರನ್ನೇ ನೋಡಿದೆ. ಕವಿ ಏನು ಮಾಡುತ್ತಿದ್ದರು ಎಂದು ಹಿಂದೆ ಕೂತಿದ್ದ ನಿಮ್ಮ ಅಮ್ಮ ಆಮೇಲೆ ಕೇಳಿದಳು. ಅವರು ನಿದ್ದೆ ಹೋಗಿದ್ದರಂತೆ. ಮಧ್ಯಾಹ್ನದ ಊಟ ಜೋರಾಗಿತ್ತಂತೆ. ನಾನು ಆ ಕಡೆ ಕಣ್ಣೇ ಹಾಯಿಸಲಿಲ್ಲ. ಹಗ್ಗ ಬಿಟ್ಟ ಹಾಗೆ ದನಿಯನ್ನು ಬಿಟ್ಟೆ. ಹೋಗುವಷ್ಟು ಕೆಳಗೆ ಹೋಯಿತು. ಅಕ್ಕನ ಕೈ ಕುರ್ಚಿಯ ಹಿಡಿಯ ಮೇಲಿತ್ತು. ಏಳಲು ಹೋದವರು ಪಕ್ಕದಲ್ಲಿ ಕವಿ, ಹಿಂದೆ ಮುನ್ನೂರು ಜನ ಇದ್ದಾರೆಂದು ನೆನಪಾಗಿ ಹಾಗೇ ಕೂತರು. ಕೂತು ಪೂರ್ತಿ ಕೇಳಿದರು. ನನ್ನ ಬದುಕಿನಲ್ಲಿ ಅಷ್ಟು ಸುಖದ ನಾಲ್ಕು ನಿಮಿಷ ಇನ್ನೊಂದಿಲ್ಲ, ನಿಮ್ಮ ಅಮ್ಮ ಹುಟ್ಟಿದ್ದೂ ಸೇರಿ. ಅವಳಿಗೆ ಹೇಳಬೇಡಿ.

ಚಪ್ಪಾಳೆ ನಿಲ್ಲುವ ಮೊದಲೇ ಮಂಡಳಿಯನ್ನು ಕರೆದರು. ಮೂರು ತಿಂಗಳು ಕಲಿತ ಹಾಡು ಈಗ ಹಾಡುವಂತಿಲ್ಲ. ಅಕ್ಕ ಹಾರ್ಮೋನಿಯಂ ಮುಂದೆ ಕೂತು ಹಳೆಯ ಯಾವುದೋ ಹಾಡನ್ನು ಪಿಸುಗುಟ್ಟಿದರು. ಅರ್ಧ ಜನಕ್ಕೆ ಸಾಹಿತ್ಯ ನೆನಪಿರಲಿಲ್ಲ. ಒಬ್ಬರು ಪಲ್ಲವಿಗೆ ಹೋದರೆ ಇನ್ನೊಬ್ಬರು ಚರಣಕ್ಕೆ ಹೋದರು. ಕೊನೆಗೆ ಅಕ್ಕ ಒಬ್ಬರೇ ಹಾಡಿ ಮುಗಿಸಿದರು. ನಾನು ಪರದೆಯ ಪಕ್ಕ ನಿಂತು ಒಂದು ಸಾಲೂ ಬಿಡದೆ ಕೇಳಿದೆ.

ಅಕ್ಕ ವೇದಿಕೆ ಇಳಿದವರೇ ಕಾರ್ಯದರ್ಶಿಗಳ ಕೈಯಿಂದ ಪಟ್ಟಿ ಕಿತ್ತುಕೊಂಡರು.

"ಯಾರು ಇದನ್ನ ಹಿಂದುಮುಂದು ಮಾಡಿದ್ದು?"

"ಇಲ್ಲಿ ನಿಮ್ಮದೇ ಸಹಿ ಇದೆಯಲ್ಲ ಅಮ್ಮ" ಎಂದರು ಅವರು, ಪಾಪ.

ಅಕ್ಕ ಟೀಚರಮ್ಮನ ಕಡೆ ತಿರುಗಿದರು. "ನೀವೇ ಯಾರ್ದೋ ಕೈಕಾಲು ಹಿಡಿದು ಮುಂದೆ ಹಾಕಿಸ್ಕೊಂಡಿದ್ದೀರಿ. ನಮ್ಮ ಕವಿ ಹಾಡು ನಿಮಗ್ಯಾಕೆ? ನಿಮ್ಮ ಚರ್ಚಲ್ಲಿ ಹಾಡಿಲ್ವಾ?"

ಟೀಚರಮ್ಮನ ಮುಖ ಬಿಳುಚಿಕೊಂಡಿತು. ಅವರಿಗೆ ಏನೂ ಗೊತ್ತಿರಲಿಲ್ಲ. ಕರೆದಾಗ ಬಂದು ಹಾಡಿದ್ದರು, ಅಷ್ಟೆ. ಅಲ್ಲಿ ಮಂಡಳಿಯ ಏಳು ಹೆಂಗಸರು, ಬಳಗದವರು, ನಮ್ಮ ಗುಂಪು, ಎಲ್ಲ ಸೇರಿ ನಲವತ್ತು ಜನ ಇದ್ದರು. ಸುಮ್ಮನಿದ್ದುಬಿಡಬಹುದಿತ್ತು. ಸುಮ್ಮನಿರುವುದು ನನಗೆ ಅಭ್ಯಾಸವಾಗಿತ್ತು. ಆದರೆ ಅವತ್ತು ಗಂಟಲು ಇನ್ನೂ ತೆರೆದೇ ಇತ್ತು.

"ನಾನೇ ಅಕ್ಕ ಬರೆದಿದ್ದು. ಬೇಕಂತಲೇ. ಇವರಿಗೆ ಗೊತ್ತಿಲ್ಲ."

"ನೀನಾ? ನಿಂಗೆ ಅಷ್ಟು ತಲೆ ಎಲ್ಲಿಂದ ಬಂತೇ?"

"ಹದಿನಾಲ್ಕು ವರ್ಷ ಬಾಯಿ ಮುಚ್ಕೊಂಡು ಕೂತಿದ್ನಲ್ಲ, ಯೋಚನೆ ಮಾಡಕ್ಕೆ ಪುರಸೊತ್ತು ಸಿಕ್ತು."

ಮಂಡಳಿಯ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಅಕ್ಕ ಅತ್ತ ಕಣ್ಣು ಬಿಟ್ಟು, ಮತ್ತೆ ನನ್ನ ಕಡೆ ತಿರುಗಿದರು. "ಮನೆ ಮರ್ಯಾದೆ ತೆಗ್ದೆ ನೀನು."

"ನನ್ನ ಮಗಳ ಹಸೆ ಎದುರು ನನ್ನ ಬಾಯಿ ಮೇಲೆ ಕೈಯಿಟ್ರಲ್ಲ, ಅವತ್ತು ತೆಗೆದಿದ್ದು ಯಾರ ಮರ್ಯಾದೆ?"

ಅಕ್ಕ ಪಟ್ಟಿಯನ್ನು ನಾಲ್ಕಾಗಿ ಮಡಚಿ ಬ್ಲೌಸಿನೊಳಗೆ ಸಿಕ್ಕಿಸಿಕೊಂಡು ಹೊರಟುಹೋದರು.

ವ್ಯಾನಿನ ಹತ್ತಿರ ಟೀಚರಮ್ಮನೂ ನನ್ನನ್ನು ಬಿಡಲಿಲ್ಲ. "ಮೊದ್ಲೇ ಹೇಳಿದ್ರೆ ನಾವು ಬೇರೆ ಹಾಡು ಹಾಡ್ತಿದ್ವಿ ಅಮ್ಮಾ. ನಿಮ್ಮ ಮನೆ ಜಗಳಕ್ಕೆ ನಮ್ಮನ್ನ ಯಾಕೆ ತಂದ್ರಿ?" ಎಂದರು. ಮೂರು ಶನಿವಾರ ನನ್ನನ್ನು ಕರೆಯಲಿಲ್ಲ. ನಾಲ್ಕನೆಯದಕ್ಕೆ ಅಂಚೆ ಕಚೇರಿಯವಳು ಜನ್ನಾಪುರದ ಮನೆಗೇ ಬಂದು, "ಏಳಿ, ಕೆಳದನಿ ಇಲ್ದೆ ಹಾಡು ಗಾಳೀಲಿ ನೇತಾಡ್ತಿದೆ" ಎಂದು ಎಳೆದುಕೊಂಡು ಹೋದಳು. ಟೀಚರಮ್ಮನಿಗೆ ಆದ ನೋವಿಗೆ ನನಗೆ ಬೇಸರವಿದೆ. ಮಂಡಳಿಯಲ್ಲಿ ಒಬ್ಬಳು ಚಿಕ್ಕವಳು ಅವತ್ತಿಗೆಂದೇ ಊರಿನಿಂದ ತಾಯಿಯನ್ನು ಕರೆಸಿದ್ದಳು, ಅವಳು ಅತ್ತದ್ದಕ್ಕೂ ಬೇಸರವಿದೆ. ಅಕ್ಕನ ವಿಷಯದಲ್ಲಿ ಇಲ್ಲ. ಹುಡುಕಿ ನೋಡಿದ್ದೇನೆ, ಸಿಗಲಿಲ್ಲ.

ಎಂಟು ತಿಂಗಳು ಅಕ್ಕ ನನ್ನ ಜೊತೆ ಮಾತು ಬಿಟ್ಟರು. ಒಂದೇ ಅಡುಗೆಮನೆ, ಉಪ್ಪು ಬೇಕಾದರೂ ಗೋಡೆಗೆ ಹೇಳುತ್ತಿದ್ದರು. ಆಮೇಲೆ ಏನೂ ನಡೆದೇ ಇಲ್ಲವೆಂಬಂತೆ ಮಾತು ಶುರುವಾಯಿತು. ಪಟ್ಟಿ ಬರೆಯುವ ಕೆಲಸ ಬೇರೆಯವರಿಗೆ ಹೋಯಿತು. ಇಷ್ಟು ವರ್ಷದಲ್ಲಿ ಅವರು ನನ್ನ ದನಿ ಚೆನ್ನಾಗಿತ್ತು ಎನ್ನಲಿಲ್ಲ, ಚೆನ್ನಾಗಿರಲಿಲ್ಲ ಎಂದೂ ಅನ್ನಲಿಲ್ಲ. ಕೇಳಿದ್ದಾರೆ ಎನ್ನುವುದು ನನಗೆ ಸಾಕಾಗಿತ್ತು. ಈಗ ಅದನ್ನೂ ಅಳಿಸಿ, ಬರೆಯುವವರ ತಪ್ಪು ಎಂದು ಮಕ್ಕಳಿಗೆ ಹೇಳಿಕೊಡುತ್ತಿದ್ದಾರೆ. ಅದಕ್ಕೇ ಈ ಬರಹ.

ಈ ಹಾಳೆಗಳನ್ನು ನಿಮ್ಮ ಶಾಲೆಯ ಮಾರ್ಕ್ಸ್ ಕಾರ್ಡುಗಳ ಜೊತೆ ಕಬ್ಬಿಣದ ಬೀರುವಿನಲ್ಲಿಡಿ. ಅಟ್ಟಕ್ಕೆ ಹಾಕಬೇಡಿ, ಗೆದ್ದಲು ಹಿಡಿಯುತ್ತದೆ. ದೊಡ್ಡಜ್ಜಿಯಿಂದ ಬಚ್ಚಿಡುವುದೇನೂ ಬೇಡ. ಕೇಳಿದರೆ ಓದಲು ಕೊಡಿ, ಓದಿ ಮುಗಿಸುವವರೆಗೂ ಪಕ್ಕದಲ್ಲೇ ಕೂತಿರಿ, ಆಮೇಲೆ ಒಂದು ಹಾಳೆಯೂ ಕಡಿಮೆಯಾಗದಂತೆ ಎಣಿಸಿ ವಾಪಸು ತೆಗೆದುಕೊಳ್ಳಿ.